ಮಳೆಗಾಲದ ಮನೆಯಲ್ಲಿ ಬೂಷ್ಟು: ಯಾವುದನ್ನು ತೊಳೆಯಬೇಕು, ಯಾವುದನ್ನು ಒಣಗಿಸಬೇಕು, ಯಾವುದನ್ನು ಬಿಸಾಡಬೇಕು

ಪುನರ್ವಸು ಮಳೆ ಹಿಡಿದು ನಾಲ್ಕು ದಿನ ಹೊಳವಾಗದೆ ಸುರಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಬೂಷ್ಟು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಗೋಡೆಯ ಮೇಲಲ್ಲ, ಬೀರುವಿನೊಳಗೆ ನೇತುಹಾಕಿದ ಚರ್ಮದ ಬೆಲ್ಟಿನ ಮೇಲೆ. ಅದಾದ ಮೇಲೆ ಅಪರೂಪಕ್ಕೆ ಹಾಕುವ ಬೂಟು, ಗೋಡೆಗೆ ಆನಿಸಿಟ್ಟ ಕಪಾಟಿನ ಬೆನ್ನು, ದೇವರ ಕೋಣೆಯ ಮಣೆ, ಪುಸ್ತಕದ ರಟ್ಟು, ಹೀಗೆ ಒಂದೊಂದನ್ನೇ ಹಿಡಿಯುತ್ತಾ ಬಿಳಿ, ಹಸಿರು, ಕಪ್ಪು ಬಣ್ಣಗಳಲ್ಲಿ ಹರಡುತ್ತದೆ. ಆಷಾಢದಲ್ಲಿ ಒರೆಸಿ, ಶ್ರಾವಣದಲ್ಲಿ ಮತ್ತೆ ಒರೆಸಿ, ಗಣಪತಿ ಹಬ್ಬದ ಹೊತ್ತಿಗೆ ಮೂರನೆಯ ಸಲ ಒರೆಸುವುದನ್ನೇ ಮಳೆಗಾಲದ ಶುಚಿತ್ವವೆಂದು ತಿಳಿದಿರುವ ಮನೆಗಳು ನಮ್ಮಲ್ಲಿ ಬಹಳ. ನನ್ನ ತಕರಾರು ಇರುವುದು ಆ ಅಭ್ಯಾಸದ ಮೇಲೆಯೇ. ಒರೆಸುವುದು ಕೆಲಸದ ಕೊನೆಯ ಭಾಗ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಮೊದಲ ಭಾಗ.

ಬೂಷ್ಟು, ಬೂಸ್ಟು, ಬೂಜು ಎಂದು ಊರಿಗೊಂದು ಹೆಸರಿನಿಂದ ಕರೆಯುವ ಇದು ಶಿಲೀಂಧ್ರ. ಇದರ ಬೀಜಕಣಗಳು ಎಲ್ಲ ಕಾಲದಲ್ಲೂ ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ. ಅವುಗಳನ್ನು ಪೂರ್ತಿಯಾಗಿ ಹೊರಗಟ್ಟಲು ಯಾರಿಂದಲೂ ಆಗದು. ಅವು ಮೊಳೆಯಲು ಹದವಾದ ಶಾಖ, ಆಹಾರ ಮತ್ತು ತೇವ ಬೇಕು. ಮನುಷ್ಯರಿಗೆ ಹಿತವಾದ ಶಾಖವೇ ಅವಕ್ಕೂ ಹಿತ. ಆಹಾರವೆಂದರೆ ಬಟ್ಟೆಯ ಗಂಜಿ, ಪುಸ್ತಕದ ಬೈಂಡಿಗೆ ಬಳಿದ ಮೈದಾದ ಅಂಟು, ಮರ, ಚರ್ಮ, ಬಣ್ಣದೊಳಗಿನ ಅಂಟಿನಂಶ, ಕೊನೆಗೆ ಗಾಜಿನ ಮೇಲೆ ಕುಳಿತ ಧೂಳು ಕೂಡ ಸಾಕಾಗುತ್ತದೆ. ಆದುದರಿಂದ ನಮ್ಮ ಹಿಡಿತದಲ್ಲಿ ಉಳಿಯುವುದು ತೇವ ಒಂದೇ. ಮನೆಯೊಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಈಗ ತುಂಬಿರುವ ಪಾಲು, ಶೇಕಡಾ 60ರ ಒಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಶೇಕಡಾ 80ನ್ನು ದಾಟಿ ಕೆಲವು ದಿನ ಅಲ್ಲೇ ನಿಂತರೆ ಅದನ್ನು ತಡೆಯುವುದು ಕಷ್ಟ. ನೆಂದುಹೋದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುಪಾಲು ಬೂಷ್ಟು ಹಿಡಿಯದೆ ಉಳಿಯುತ್ತದೆ ಎಂಬ ಲೆಕ್ಕವನ್ನೂ ನೆನಪಿಡಬೇಕು, ಏಕೆಂದರೆ ಮುಂದಿನ ಬಹುತೇಕ ಸಲಹೆಗಳು ಅದರ ಮೇಲೆಯೇ ನಿಂತಿವೆ.

ನೀರಿನ ಮೂಲವನ್ನು ಹುಡುಕುವುದು

ಕಲೆ ಎಲ್ಲಿದೆ ಎಂಬುದೇ ಅರ್ಧ ಉತ್ತರವನ್ನು ಹೇಳಿಬಿಡುತ್ತದೆ. ತಾರಸಿಯ ಒಳಮೈಯಲ್ಲಿ ಅಥವಾ ಗೋಡೆಯೂ ತಾರಸಿಯೂ ಕೂಡುವ ಮೂಲೆಯಲ್ಲಿ ದುಂಡನೆಯ ಕಲೆ ಇದ್ದರೆ ಮೇಲಿನಿಂದ ಸೋರುತ್ತಿದೆ ಎಂದರ್ಥ. ನೆಲದಿಂದ ಸುಮಾರು ಮೂರು ಅಡಿಯವರೆಗೆ ಅಡ್ಡಗೆರೆ ಎಳೆದಂತೆ ತೇವ ಏರಿದ್ದರೆ ಅದು ಅಡಿಪಾಯದಿಂದ ಹೀರಿಕೊಂಡ ನೀರು. ಹಳೆಯ ಮನೆಗಳ ಪಂಚಾಂಗದ ಮೇಲೆ ತೇವ ತಡೆಯುವ ಪದರ ಇಲ್ಲದಿರುವುದು, ಅಥವಾ ಇದ್ದ ಪದರಕ್ಕಿಂತ ಮೇಲಕ್ಕೆ ಅಂಗಳದ ಮಣ್ಣನ್ನು ಏರಿಸಿರುವುದು ಇದಕ್ಕೆ ಕಾರಣ. ನೈಋತ್ಯ ಮಾರುತದ ಎರಚಲು ಹೊಡೆಯುವ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಮಾತ್ರ ಕಪ್ಪಾಗಿದ್ದರೆ ಹೊರಗಿನ ಗಾರೆಯ ಬಿರುಕುಗಳನ್ನು ನೋಡಬೇಕು. ಜಂಬಿಟ್ಟಿಗೆ ಕಲ್ಲು ತೂತುತೂತಾದ ಕಲ್ಲಾದ್ದರಿಂದ ಗಾರೆ ಒಡೆದ ಕಡೆ ಅದು ನೀರನ್ನು ಹತ್ತಿಯಂತೆ ಹೀರುತ್ತದೆ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಬೇಸಿಗೆಯಲ್ಲೂ ಕಲೆ ಮಾಸದಿದ್ದರೆ ಗೋಡೆಯೊಳಗಿನ ಪೈಪನ್ನು ಅನುಮಾನಿಸಬೇಕು. ಇವು ಯಾವುವೂ ಅಲ್ಲದೆ ಬೀರುವಿನ ಹಿಂದೆ, ಮಂಚದ ಕೆಳಗೆ, ಪರದೆಯ ಮರೆಯಲ್ಲಿ ಮಾತ್ರ ಬೂಷ್ಟು ಕಂಡರೆ ಅದು ಮನೆಯೊಳಗಿನ ಗಾಳಿಯ ತೇವ.

ಗೋಡೆಯ ತೇವ ಒಳಗಿನಿಂದ ಬರುತ್ತಿದೆಯೋ ಗಾಳಿಯಿಂದಲೋ ಎಂದು ತಿಳಿಯದಿದ್ದರೆ, ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಮೇಲಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿದೆ. ಕೋಣೆಯ ಕಡೆಯ ಮೈ ಒದ್ದೆಯಾದರೆ ಗಾಳಿಯ ಆವಿ ತಣ್ಣನೆಯ ಗೋಡೆಯ ಮೇಲೆ ನೀರಾಗುತ್ತಿದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ತಾರಸಿಗೆ ಸಾವಿರಾರು ರೂಪಾಯಿಯ ಲೇಪನ ಹಾಕಿಸಿ, ಬೂಷ್ಟು ಮಾತ್ರ ಹಾಗೆಯೇ ಉಳಿದದ್ದನ್ನು ನಾನು ಕಂಡಿದ್ದೇನೆ.

ಕಂಡದ್ದೆಲ್ಲವೂ ಬೂಷ್ಟಾಗಿರಬೇಕೆಂದೂ ಇಲ್ಲ. ಗೋಡೆಯ ಕೆಳಭಾಗದಲ್ಲಿ ಬಿಳಿಯ ನಯವಾದ ಪುಡಿಯೋ ಸೂಜಿಯಂತಹ ಹರಳೋ ಕಂಡರೆ ಅದು ಇಟ್ಟಿಗೆ ಮತ್ತು ಸಿಮೆಂಟಿನಿಂದ ನೀರು ಹೊತ್ತುತಂದ ಉಪ್ಪು. ಒಂದು ಹನಿ ನೀರು ಹಾಕಿದರೆ ಉಪ್ಪು ಕರಗಿ ಕಾಣೆಯಾಗುತ್ತದೆ, ಬೂಷ್ಟು ಕರಗುವುದಿಲ್ಲ. ಹೊರಗೋಡೆಯ ಮತ್ತು ಅಂಗಳದ ಹಸಿರು ಬಣ್ಣ ಹೆಚ್ಚಾಗಿ ಪಾಚಿ; ಅದಕ್ಕೆ ಬೆಳಕು ಬೇಕು, ಬೂಷ್ಟಿಗೆ ಕತ್ತಲೆಯೇ ಸಾಕು. ಕಪ್ಪು ಕಲೆ ಕೊಳೆಯೋ ಬೂಷ್ಟೋ ಎಂಬ ಅನುಮಾನವಿದ್ದರೆ ತೆಳುಗೊಳಿಸಿದ ಬ್ಲೀಚ್ ದ್ರಾವಣವನ್ನು ಒಂದು ಹನಿ ಹಾಕಿ ನೋಡಬಹುದು: ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟು, ಹಾಗೆಯೇ ಉಳಿದರೆ ಕೊಳೆ.

ಕಿಟಕಿ ತೆರೆದರೆ ಸಾಕೇ?

ಗಾಳಿಯಾಡಲು ಬಿಡಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದು ಬಯಲುಸೀಮೆಗೆ ಸರಿ, ಜುಲೈ ತಿಂಗಳ ಮಲೆನಾಡಿಗೆ ಮತ್ತು ಕರಾವಳಿಗೆ ಅರ್ಧ ಮಾತ್ರ ಸರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಊರಿನಲ್ಲಿ ಜಡಿಮಳೆಯ ದಿನ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಅದನ್ನು ಒಳಗೆ ಬಿಟ್ಟುಕೊಂಡರೆ ಮನೆ ಒಣಗುವುದಾದರೂ ಹೇಗೆ?

ಇದನ್ನು ಲೆಕ್ಕಹಾಕಿಯೇ ನೋಡಬಹುದು. 25 ಡಿಗ್ರಿ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಅಂದರೆ ಆ ಕೋಣೆಯ ಗಾಳಿ ಪೂರ್ತಿ ತುಂಬಿಕೊಂಡರೂ ಮುಕ್ಕಾಲು ಲೀಟರ್ ನೀರಿಗಿಂತ ಸ್ವಲ್ಪ ಹೆಚ್ಚನ್ನಷ್ಟೇ ಹಿಡಿಯುತ್ತದೆ. ವಾಷಿಂಗ್ ಮೆಷಿನಿನಲ್ಲಿ ಹಿಂಡಿ ತೆಗೆದ ಐದು ಕಿಲೋ ಬಟ್ಟೆಯಲ್ಲಿ ಉಳಿದಿರುವ ನೀರೇ ಎರಡು ಲೀಟರಿನಷ್ಟಿರುತ್ತದೆ. ಆ ಬಟ್ಟೆಯನ್ನು ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಹರವಿ ಫ್ಯಾನ್ ಹಾಕಿದರೆ, ಗಾಳಿ ಹಿಡಿಯಲಾರದ ನೀರೆಲ್ಲ ಗೋಡೆ, ಹಾಸಿಗೆ, ಮರದ ಸಾಮಾನುಗಳಿಗೆ ಹೋಗಿ ಸೇರುತ್ತದೆ. ಮಲೆನಾಡಿನ ಮಲಗುವ ಕೋಣೆಗಳ ಬೂಷ್ಟಿಗೆ ಸೋರುವ ತಾರಸಿಗಿಂತಲೂ ಹೆಚ್ಚಿನ ಕಾರಣ ಒಳಗೆ ಒಣಹಾಕುವ ಈ ಬಟ್ಟೆಯೇ ಎಂಬುದು ನನ್ನ ಅಭಿಪ್ರಾಯ.

ಹಳೆಯ ಮನೆಗಳು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ನಿಭಾಯಿಸುತ್ತಿದ್ದವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹರಡಿದ ಹೆಂಚಿನ ಮಾಡು ನೀರನ್ನು ತಡೆದರೂ ಗಾಳಿಯನ್ನು ತಡೆಯುತ್ತಿರಲಿಲ್ಲ. ಹೆಂಚು ಹೆಂಚುಗಳ ನಡುವಿನ ಸಂದಿನಿಂದ ಆವಿ ಹೊರಗೆ ಹೋಗುತ್ತಿತ್ತು. ಅಡುಗೆಮನೆಯಲ್ಲಿಯೂ ಬಚ್ಚಲಿನಲ್ಲಿಯೂ ದಿನವಿಡೀ ಕಟ್ಟಿಗೆಯ ಒಲೆ ಉರಿಯುತ್ತಿತ್ತು, ಅದರ ಮೇಲಿನ ಗಳದಲ್ಲಿ ಬಟ್ಟೆ ಒಣಗುತ್ತಿತ್ತು, ಅಟ್ಟದ ಮೇಲಿನ ಸಾಮಾನಿಗೆ ಬೆಚ್ಚನೆಯ ಹೊಗೆ ತಾಗುತ್ತಿತ್ತು. ಆ ಹೊಗೆ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ಹಾಳುಮಾಡಿದ್ದನ್ನು ನೆನೆದರೆ ಅದು ಮತ್ತೆ ಬರಲಿ ಎನ್ನಲಾಗದು. ಆದರೆ ಹೆಂಚಿನ ಬದಲು ಕಾಂಕ್ರೀಟು ತಾರಸಿ, ಒಲೆಯ ಬದಲು ಗ್ಯಾಸು, ಮರದ ಕಿಟಕಿಯ ಬದಲು ಸಂದಿಲ್ಲದ ಅಲ್ಯೂಮಿನಿಯಂ ಕಿಟಕಿ ಬಂದಾಗ ಮನೆಯನ್ನು ಒಣಗಿಸುತ್ತಿದ್ದ ವ್ಯವಸ್ಥೆಯೂ ಹೋಯಿತು, ಅದರ ಜಾಗಕ್ಕೆ ನಾವು ಬೇರೇನನ್ನೂ ತರಲಿಲ್ಲ.

ಈಗ ಮಾಡಬಹುದಾದದ್ದು ಇಷ್ಟು. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಆರ್ದ್ರತಾ ಮಾಪಕವನ್ನು ಕೊಂಡು ಕೋಣೆಯಲ್ಲಿಟ್ಟು, ಹೊಳವಾದ ಹೊತ್ತಿನಲ್ಲಿ, ಬಿಸಿಲು ಮೂಡಿದಾಗ ಎದುರುಬದುರಿನ ಕಿಟಕಿಗಳನ್ನು ತೆರೆದು, ಜಡಿಮಳೆಯ ಹೊತ್ತಿನಲ್ಲಿ ಮುಚ್ಚಬೇಕು. ಅಡುಗೆಮನೆಯ ಮತ್ತು ಸ್ನಾನದ ಕೋಣೆಯ ಎಕ್ಸಾಸ್ಟ್ ಫ್ಯಾನನ್ನು ಕೆಲಸ ಮುಗಿದ ಮೇಲೂ ಇಪ್ಪತ್ತು ಮೂವತ್ತು ನಿಮಿಷ ಓಡಿಸಬೇಕು, ಆ ಹೊತ್ತಿನಲ್ಲಿ ಒಳಬಾಗಿಲು ಮುಚ್ಚಿರಬೇಕು. ಬಟ್ಟೆಯನ್ನು ಮಾಡಿನ ಕೆಳಗಿನ ಜಗಲಿಯಲ್ಲೋ, ಎಕ್ಸಾಸ್ಟ್ ಫ್ಯಾನ್ ಇರುವ ಒಂದೇ ಕೋಣೆಯಲ್ಲೋ ಒಣಹಾಕಬೇಕು. ಏಸಿ ಇರುವವರು ಅದರ ಡ್ರೈ ಮೋಡನ್ನು ಬಳಸಬಹುದು. ತೇವ ಹೀರುವ ಡಿಹ್ಯುಮಿಡಿಫೈಯರ್ ಕೊಳ್ಳುವವರು ದಿನಕ್ಕೆ ಹತ್ತು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ನೀರು ತೆಗೆಯುವ ಕಂಪ್ರೆಸರ್ ಇರುವ ಯಂತ್ರವನ್ನೇ ಆರಿಸಬೇಕು. ಕಡಿಮೆ ಬೆಲೆಗೆ ಬರುವ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಮಾದರಿಯ ಪುಟ್ಟ ಯಂತ್ರಗಳು ದಿನಕ್ಕೆ ತೆಗೆಯುವುದು ಕೆಲವು ನೂರು ಮಿಲಿಲೀಟರ್ ಮಾತ್ರ; ಅವು ಬೀರುವಿಗೆ ಸಾಕಾದರೂ ಕೋಣೆಗೆ ಸಾಲವು.

ಸ್ವಚ್ಛಗೊಳಿಸುವ ಮುನ್ನ

ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸುವುದು, ಒಣಬಟ್ಟೆಯಿಂದ ಕೊಡವುವುದು ಎಲ್ಲಕ್ಕಿಂತ ಕೆಟ್ಟ ವಿಧಾನ, ಏಕೆಂದರೆ ಅದರಿಂದ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಎನ್95 ಮಾಸ್ಕು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಇವಿಷ್ಟನ್ನು ಹಾಕಿಕೊಂಡು, ಕೋಣೆಯ ಒಳಬಾಗಿಲನ್ನು ಮುಚ್ಚಿ, ಹೊರಗಿನ ಕಿಟಕಿಯನ್ನು ತೆರೆದು, ಕಲೆಯ ಮೇಲೆ ನೀರನ್ನು ಸಣ್ಣಗೆ ಸಿಂಪಡಿಸಿ, ಆಮೇಲೆಯೇ ಉಜ್ಜಬೇಕು. ಉಬ್ಬಸ ಇರುವವರು, ಎಳೆಯ ಮಕ್ಕಳು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಆ ಹೊತ್ತಿನಲ್ಲಿ ಆ ಕಡೆ ಇರಬಾರದು. ಮೂರಡಿ ಉದ್ದ, ಮೂರಡಿ ಅಗಲದಷ್ಟು ಜಾಗದ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಇಡೀ ಗೋಡೆ ಅಥವಾ ತಾರಸಿಗೆ ಹರಡಿದ್ದರೆ ಅನುಭವವುಳ್ಳವರನ್ನು ಕರೆಸುವುದು ಮೇಲು. ಇಲ್ಲಿ ಒಂದು ಮಾತು: 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಕಪ್ಪು ಶಿಲೀಂಧ್ರಕ್ಕೂ ಗೋಡೆಯ ಮೇಲಿನ ಕಪ್ಪು ಬೂಷ್ಟಿಗೂ ಹೆಸರಿನ ಹೋಲಿಕೆಯಷ್ಟೇ ಇದೆ; ಅದು ಮ್ಯೂಕರ್ ಗುಂಪಿನ ಬೇರೆ ಶಿಲೀಂಧ್ರಗಳಿಂದ ಬರುವ ರೋಗ. ಹಾಗೆಂದು ಗೋಡೆಯ ಬೂಷ್ಟು ನಿರಪಾಯಕಾರಿಯೆಂದಲ್ಲ. ಸೀನು, ಕೆಮ್ಮು, ಉಬ್ಬಸಗಳನ್ನು ಅದು ಕೆರಳಿಸುವುದು ನಿಜ.

ಔಷಧಿಗಳ ವಿಚಾರದಲ್ಲಿ ಮೊದಲ ಆಯ್ಕೆ ಸೋಪಿನ ನೀರೇ. ಬೂಷ್ಟನ್ನು ಕೊಲ್ಲುವುದಕ್ಕಿಂತ ಅದನ್ನು ತೊಳೆದು ತೆಗೆಯುವುದು ಮುಖ್ಯ, ಏಕೆಂದರೆ ಸತ್ತ ಬೂಷ್ಟೂ ಅಲರ್ಜಿಯನ್ನು ಉಂಟುಮಾಡುತ್ತದೆ. ಬ್ಲೀಚ್ ದ್ರಾವಣವು ಟೈಲು, ಗಾಜು, ಗಟ್ಟಿ ಪ್ಲಾಸ್ಟಿಕ್ಕಿನಂತಹ ನೀರು ಹೀರದ ವಸ್ತುಗಳಿಗೆ ತಕ್ಕುದು. ಒಂದು ಲೀಟರ್ ನೀರಿಗೆ 60 ಮಿಲಿಲೀಟರಿಗಿಂತ ಹೆಚ್ಚು ಬೇಡ. ಮರಕ್ಕೂ ಗಾರೆಗೂ ಅದನ್ನು ಬಳಿದರೆ ಕ್ಲೋರಿನ್ ಅಂಶ ಮೇಲ್ಮೈಯಲ್ಲಿಯೇ ಕೆಲಸ ಮುಗಿಸಿ, ಅದರ ನೀರು ಮಾತ್ರ ಒಳಗಿಳಿದು ಬೇರಿಗೆ ನೀರೆರೆದಂತಾಗುತ್ತದೆ. ಬಣ್ಣ ಹೋದದ್ದನ್ನು ಕಂಡು ಬೂಷ್ಟು ಹೋಯಿತೆಂದು ನಂಬುತ್ತೇವೆ, ಹದಿನೈದು ದಿನಕ್ಕೆ ಅದು ಮರಳಿರುತ್ತದೆ. ಬ್ಲೀಚನ್ನು ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದೊಂದಿಗೆ ಬೆರೆಸಿದರೂ ವಿಷಾನಿಲವೇ. ಮುಚ್ಚಿದ ಸ್ನಾನದ ಕೋಣೆಯಲ್ಲಿ ಒಂದರ ಮೇಲೊಂದನ್ನು ಸುರಿಯುವ ಅಭ್ಯಾಸ ಪ್ರಾಣಕ್ಕೇ ಕುತ್ತು ತರಬಲ್ಲದು. ಅಡಿಕೆಯ ಕೊಳೆರೋಗಕ್ಕೆಂದು ತಯಾರಿಸಿಟ್ಟುಕೊಂಡ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಿಕ್ಕಿದೆಯೆಂದು ಮಲಗುವ ಕೋಣೆಯ ಗೋಡೆಗೆ ಹೊಡೆಯುವವರೂ ಇದ್ದಾರೆ. ಅದು ತೋಟದಲ್ಲಿಯೇ ಇರಲಿ.

ಗೋಡೆ

ಟೈಲಿನ ಗೋಡೆ ಸುಲಭ. ಟೈಲುಗಳ ನಡುವಿನ ಗೆರೆಗೆ ಬ್ಲೀಚ್ ದ್ರಾವಣವನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಸಾಕು. ವಾಷ್ ಬೇಸಿನ್ನಿನ ಸುತ್ತಲಿನ ಸಿಲಿಕೋನ್ ಅಂಟಿನೊಳಗೆ ಕಪ್ಪು ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಅದನ್ನು ಕತ್ತರಿಸಿ ತೆಗೆದು, ಜಾಗ ಒಣಗಿದ ಮೇಲೆ ಹೊಸದಾಗಿ ಹಾಕಬೇಕು.

ಬಣ್ಣ ಬಳಿದ ಗಾರೆಯ ಗೋಡೆಯ ವಿಷಯ ಬೇರೆ. ಬಣ್ಣ ಗಟ್ಟಿಯಾಗಿದ್ದರೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪದೇಪದೇ ಬೇರೆ ನೀರಿನಲ್ಲಿ ತೊಳೆಯುತ್ತಾ, ಕೊನೆಗೆ ಫ್ಯಾನಿನ ಗಾಳಿಗೆ ಒಣಗಿಸಬೇಕು. ಬಣ್ಣ ಗುಳ್ಳೆಯೆದ್ದಿದ್ದರೆ, ಪುಟ್ಟಿ ಪುಡಿಯಾಗುತ್ತಿದ್ದರೆ ಬೂಷ್ಟು ಅದರ ಹಿಂದೆಯೂ ಇದೆ. ಒದ್ದೆ ಮಾಡಿಕೊಂಡು ಗಟ್ಟಿ ಗಾರೆ ಸಿಗುವವರೆಗೆ ಕೆರೆದು ತೆಗೆಯಬೇಕು. ಕಾಗದದ ಹೊದಿಕೆಯ ಜಿಪ್ಸಂ ಹಲಗೆಯ ಒಳಮಾಡು ನೆಂದು ಬೂಷ್ಟು ಹಿಡಿದಿದ್ದರೆ ಅಷ್ಟು ಭಾಗವನ್ನು ಕೊಯ್ದು ಬಿಸಾಡುವುದೊಂದೇ ದಾರಿ, ಏಕೆಂದರೆ ಆ ಕಾಗದವೇ ಬೂಷ್ಟಿನ ಊಟ. ಯಾವುದೇ ಕಾರಣಕ್ಕೂ ಬೂಷ್ಟಿನ ಮೇಲೆಯೇ ಬಣ್ಣ ಬಳಿಯಬಾರದು.

ಬಣ್ಣ ಬಳಿಯುವ ಕಾಲದ ಬಗೆಗೂ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ದೀಪಾವಳಿಗೆ ಮೊದಲು ಗೋಡೆಗೆ ಸುಣ್ಣ ಹೊಡೆಯುವ ಪದ್ಧತಿಯನ್ನು ನಾವು ಪ್ಲಾಸ್ಟಿಕ್ ಎಮಲ್ಷನ್ನಿಗೂ ಅನ್ವಯಿಸಿಕೊಂಡಿದ್ದೇವೆ, ತಪ್ಪಾದದ್ದು ಅಲ್ಲಿಯೇ. ಸುಣ್ಣ ಬಲವಾದ ಕ್ಷಾರ, ಅದರ ಮೇಲೆ ಬೂಷ್ಟು ಸುಲಭದಲ್ಲಿ ನೆಲೆಯೂರದು; ಮೇಲಾಗಿ ಅದು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಗಾಳಿ ತಾಗಿ ಆ ಕ್ಷಾರಗುಣ ತಿಂಗಳುಗಳಲ್ಲಿ ಕುಂದುವುದರಿಂದಲೇ ವರ್ಷ ವರ್ಷವೂ ಹೊಡೆಯಬೇಕಾಗುತ್ತಿತ್ತು. ಎಮಲ್ಷನ್ ಹಾಗಲ್ಲ. ನಾಲ್ಕು ತಿಂಗಳ ಮಳೆ ಕುಡಿದ ಗೋಡೆಗೆ ಅಕ್ಟೋಬರಿನಲ್ಲಿ ಅದನ್ನು ಬಳಿದರೆ ಒಳಗಿನ ನೀರಿಗೆ ಮುಚ್ಚಳ ಹಾಕಿದಂತೆ. ಗೋಡೆಗೆ ಎಮಲ್ಷನ್ ಹಚ್ಚುವುದಿದ್ದರೆ ಫೆಬ್ರವರಿ ಅಥವಾ ಮಾರ್ಚಿನವರೆಗೆ ಕಾಯಬೇಕು. ಹಬ್ಬಕ್ಕೆ ಮನೆ ಹೊಸದಾಗಿ ಕಾಣಲೇಬೇಕೆಂದರೆ ಸುಣ್ಣವನ್ನೇ ಹೊಡೆಸುವುದು ಒಳ್ಳೆಯದು.

ಮರ

ಸಾಗುವಾನಿ, ಹಲಸು, ಬೀಟೆಯಂತಹ ಗಟ್ಟಿ ಮರದ ಮೇಲಿನ ಬೂಷ್ಟು ಹೆಚ್ಚಿನಂಶ ಮೇಲ್ಮೈಯದು. ಸೋಪಿನ ನೀರಿನ ಒದ್ದೆಬಟ್ಟೆಯಿಂದ ಎಳೆಯ ಗುಂಟ ಒರೆಸಿ, ತಕ್ಷಣ ಒಣಬಟ್ಟೆಯಿಂದ ಮತ್ತೆ ಒರೆಸಿ, ನೆರಳಿನ ಗಾಳಿಯಲ್ಲಿ ಒಣಗಿಸಿದರೆ ಹೋಗುತ್ತದೆ. ಗಮನಿಸಿ ನೋಡಿದರೆ ಪಾಲಿಶ್ ಮಾಡಿದ ಮುಂಭಾಗಕ್ಕಿಂತ ಪಾಲಿಶ್ ಕಾಣದ ಬೆನ್ನು, ಡ್ರಾಯರಿನ ತಳ, ಮೇಜಿನ ಅಡಿಭಾಗಗಳಿಗೆ ಬೂಷ್ಟು ಮೊದಲು ಹಿಡಿಯುತ್ತದೆ. ಬಡಗಿಗೆ ಹೇಳಿ ಬೇಸಿಗೆಯಲ್ಲಿ ಆ ಭಾಗಗಳಿಗೂ ಒಂದು ಕೈ ವಾರ್ನಿಷ್ ಹೊಡೆಸಿದರೆ ಎಷ್ಟೋ ವರ್ಷಗಳ ಕಾಟ ತಪ್ಪುತ್ತದೆ. ಹಸಿಮರದ ತೊಲೆ, ಜಂತಿಗಳಿಗೆ ಒಂದು ಲೀಟರ್ ಬಿಸಿನೀರಿನಲ್ಲಿ 50 ಗ್ರಾಂ ಬಿಳಿಗಾರವನ್ನು ಕರಗಿಸಿ ಹಚ್ಚಿ, ತೊಳೆಯದೆ ಹಾಗೆಯೇ ಒಣಗಲು ಬಿಡಬಹುದು. ಅದು ಬೂಷ್ಟಿನ ಮರುಹುಟ್ಟನ್ನು ತಡೆಯುತ್ತದೆ. ಆದರೆ ಮಕ್ಕಳ ಕೈಗೆಟುಕುವ ಕಡೆಯೂ, ಆಹಾರ ತಾಗುವ ಕಡೆಯೂ ಅದು ಬೇಡ.

ಒತ್ತಿದ ಮರದ ಪುಡಿಯಿಂದ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡಿನ ಕಪಾಟು ನೀರು ಕುಡಿದು ಉಬ್ಬಿದರೆ ಅದನ್ನು ಉಳಿಸುವ ಉಪಾಯವಿಲ್ಲ. ಮಲೆನಾಡಿನಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ಅದನ್ನು ಹಾಕಿಸುವುದೇ ದುಡ್ಡು ದಂಡ. ಲಟ್ಟಣಿಗೆ, ಚಪಾತಿ ಮಣೆ, ಕಡಗೋಲುಗಳ ಮೇಲಿನ ಎಳೆಯ ಬೂಷ್ಟನ್ನು ಬಿಸಿನೀರು ಮತ್ತು ಸೋಪಿನಲ್ಲಿ ಉಜ್ಜಿ ಒಲೆಯ ಬಳಿ ನಿಲ್ಲಿಸಿ ಒಣಗಿಸಬೇಕು. ಮರದೊಳಗೆ ಕಪ್ಪು ಇಳಿದಿದ್ದರೆ ಅದನ್ನು ಒಲೆಯೊಳಗೇ ಹಾಕುವುದು ಲೇಸು.

ಚರ್ಮ

ಬೆಲ್ಟು, ಬೂಟು, ಚೀಲಗಳನ್ನು ಮನೆಯ ಹೊರಗೆ ಒಯ್ದು ಮೃದುವಾದ, ಸ್ವಲ್ಪ ಒದ್ದೆಯಾದ ಬಟ್ಟೆಯಿಂದ ಒರೆಸಬೇಕು. ಅನಂತರ ಔಷಧಿ ಅಂಗಡಿಯ ಸ್ಪಿರಿಟ್ ಮತ್ತು ನೀರನ್ನು ಸಮಪಾಲಾಗಿ ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡು, ಎಲ್ಲ ಕಡೆ ತೆಳುವಾಗಿ ಒರೆಸಿ, ನೆರಳಿನಲ್ಲಿ ಒಣಗಿಸಿ ಪಾಲಿಶ್ ಹಚ್ಚಬೇಕು. ನೇರ ಬಿಸಿಲಿಗಿಟ್ಟ ಚರ್ಮ ಬಿರಿಯುತ್ತದೆ. ಬೂಟಿನೊಳಗೆ ಹಳೆಯ ಪತ್ರಿಕೆಯನ್ನು ತುರುಕಿ ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು. ಚರ್ಮದ ವಸ್ತುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಅದನ್ನು ಬೂಷ್ಟಿಗೆ ಒಪ್ಪಿಸಿದಂತೆಯೇ ಸರಿ. ದಿನವೂ ಬಳಸುವ ಬೆಲ್ಟಿಗೆ ಬೂಷ್ಟು ಹಿಡಿದದ್ದನ್ನು ಯಾರೂ ಕಂಡಿರಲಾರರು.

ಬಟ್ಟೆ ಮತ್ತು ಹಾಸಿಗೆ

ಹತ್ತಿ ಬಟ್ಟೆಯನ್ನು ಹೊರಗೆ ಕೊಡವಿ, ಬಟ್ಟೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ, ಸಾಧ್ಯವಾದರೆ 60 ಡಿಗ್ರಿಯಲ್ಲಿ, ಸೋಪು ಮತ್ತು ವಾಷಿಂಗ್ ಸೋಡಾ ಹಾಕಿ ಒಗೆದು ಬಿಸಿಲಿಗೆ ಹರವಬೇಕು. ಬಿಳಿಯ ಹತ್ತಿ ಬಟ್ಟೆಯಲ್ಲಿ ಉಳಿದ ಚುಕ್ಕೆಗಳಿಗೆ ಮಾತ್ರ ಬ್ಲೀಚ್. ಗಂಜಿ ಹಾಕಿದ ಸೀರೆ, ಪಂಚೆಗಳನ್ನು ಮಳೆಗಾಲಕ್ಕೆ ಮೊದಲೇ ಗಂಜಿ ಹೋಗುವಂತೆ ಒಗೆದು ಮಡಿಸಿಡುವುದು ಒಳ್ಳೆಯದು. ಗಂಜಿಯೆಂದರೆ ಬೂಷ್ಟಿಗೆ ಬಡಿಸಿಟ್ಟ ಎಲೆ. ರೇಷ್ಮೆ ಸೀರೆಗೆ ನೀರನ್ನೂ ಬ್ಲೀಚನ್ನೂ ಮುಟ್ಟಿಸಬಾರದು. ಹೊಳವಾದ ದಿನ ನೆರಳಿನಲ್ಲಿ ಹರವಿ, ಮೃದುವಾದ ಬ್ರಷ್ಷಿನಿಂದ ಬೂಷ್ಟನ್ನು ತೆಗೆದು ಡ್ರೈ ಕ್ಲೀನಿಂಗಿಗೆ ಕೊಡಬೇಕು. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಇಡದೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿಡಬೇಕು. ನುಸಿಗುಳಿಗೆ ಬೂಷ್ಟನ್ನು ತಡೆಯುತ್ತದೆ ಎಂಬುದು ತಪ್ಪು ನಂಬಿಕೆ. ಅದು ಹುಳುವಿಗೆ ಮದ್ದು, ಶಿಲೀಂಧ್ರಕ್ಕಲ್ಲ.

ಹತ್ತಿಯ ಹಾಸಿಗೆಗೆ ಇರುವ ಅನುಕೂಲ ಫೋಮಿನ ಹಾಸಿಗೆಗಿಲ್ಲ. ಹತ್ತಿಯನ್ನು ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿಸಿ, ಹೊಸ ಗೌಸಿನಲ್ಲಿ ತುಂಬಿಸಬಹುದು. ಫೋಮಿನೊಳಗೆ ಬೂಷ್ಟು ಇಳಿದರೆ ಅದನ್ನು ತೆಗೆಯಲಾಗದು. ವಾಸನೆ ಬಂದ ಫೋಮನ್ನು ಮನೆಯಿಂದ ಹೊರಹಾಕಬೇಕು. ಹಲಗೆ ಮುಚ್ಚಿದ ಪೆಟ್ಟಿಗೆಯಂತಹ ಮಂಚಕ್ಕಿಂತ ಪಟ್ಟಿಗಳ ನಡುವೆ ಸಂದು ಇರುವ ಮಂಚವೇ ಮಳೆನಾಡಿಗೆ ಸರಿ.

ಪುಸ್ತಕ ಮತ್ತು ಕಾಗದಪತ್ರ

ಪುಸ್ತಕದ ವಿಷಯದಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ಒದ್ದೆಬಟ್ಟೆಯಿಂದ ಒರೆಸುವುದು. ಬೂಷ್ಟು ಒದ್ದೆಯಾಗಿರುವಾಗ ಒರೆಸಿದರೆ ಅದು ಕಾಗದದ ಎಳೆಗಳೊಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಆ ಪುಸ್ತಕವನ್ನು ಉಳಿದವುಗಳಿಂದ ಬೇರ್ಪಡಿಸಿ, ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಫ್ಯಾನಿನ ಗಾಳಿಗೆ ಒಣಗಿಸಬೇಕು. ಬೂಷ್ಟು ಒಣಗಿ ಪುಡಿಯಾದ ಮೇಲೆ ಅದನ್ನು ಅಂಗಳಕ್ಕೆ ಒಯ್ದು, ಮಾಸ್ಕು ಹಾಕಿಕೊಂಡು, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಮೃದುವಾದ ಬ್ರಷ್ಷಿನಿಂದ ಪುಟಪುಟವಾಗಿ ಗುಡಿಸಬೇಕು. ಇಷ್ಟಾದರೂ ಕಲೆ ಉಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಬಹಳ ಪುಸ್ತಕಗಳು ಒಟ್ಟಿಗೆ ನೆಂದು ಎರಡು ದಿನದೊಳಗೆ ಒಣಗಿಸಲು ಆಗದಿದ್ದರೆ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಿನಲ್ಲಿಡಬೇಕು; ಬೂಷ್ಟು ಸಾಯದಿದ್ದರೂ ಬೆಳೆಯುವುದು ನಿಲ್ಲುತ್ತದೆ, ಬಿಡುವಾದಾಗ ಒಂದೊಂದಾಗಿ ತೆಗೆದು ಒಣಗಿಸಬಹುದು. ಗ್ರಂಥಾಲಯಗಳ ಸಂರಕ್ಷಕರೂ ನೆರೆಯಲ್ಲಿ ನೆಂದ ಪುಸ್ತಕಗಳಿಗೆ ಅನುಸರಿಸುವ ಕ್ರಮ ಇದೇ.

ತಾಡೆಯೋಲೆಗೆ ನಿಂಬೆಹುಲ್ಲಿನ ಎಣ್ಣೆ ಸವರುವ ರೂಢಿಯನ್ನು ಕೇಳಿ ಕಾಗದದ ಪುಸ್ತಕಕ್ಕೂ ಅದನ್ನು ಹಚ್ಚುವವರಿದ್ದಾರೆ. ಓಲೆಗೆ ಹಿತವಾದ ಎಣ್ಣೆ ಕಾಗದಕ್ಕೆ ಕಲೆ. ಪುಸ್ತಕದ ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ಇಡುವುದು, ಪುಸ್ತಕಗಳನ್ನು ಕೈಬೆರಳು ತೂರದಷ್ಟು ಬಿಗಿಯಾಗಿ ತುಂಬದಿರುವುದು, ಇವೆರಡೇ ಎಣ್ಣೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ಜಮೀನಿನ ಪತ್ರ, ಜಾತಕ, ಹಳೆಯ ಫೋಟೋಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಂದಿಗೆ ಇಡಬಹುದು, ಆದರೆ ಬೇಸಿಗೆಯಲ್ಲಿ ಚೆನ್ನಾಗಿ ಒಣಗಿದ ಮೇಲೆ ಮಾತ್ರ. ತೇವವಿರುವ ಕಾಗದವನ್ನು ಡಬ್ಬಿಯಲ್ಲಿ ಮುಚ್ಚಿದರೆ ತೇವವನ್ನೂ ಮುಚ್ಚಿಟ್ಟಂತಾಯಿತು. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿದಾಗ ಹಸಿರಾಗುತ್ತದೆ. ಸುಮಾರು 120 ಡಿಗ್ರಿ ಶಾಖದ ಓವನ್ನಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾದ ಲೆನ್ಸುಗಳಿಗೂ ಇದೇ ಉಪಾಯ, ಏಕೆಂದರೆ ಅದರೊಳಗೆ ಜೇಡರಬಲೆಯಂತೆ ಹಬ್ಬುವ ಬೂಷ್ಟು ಗಾಜಿನ ಲೇಪನವನ್ನೇ ಕೊರೆದುಬಿಡುತ್ತದೆ.

ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುವ ಹಳೆಯ ಉಪಾಯವನ್ನು ಈಗಲೂ ಕೆಲವರು ಹೇಳುತ್ತಾರೆ. ತಂತಿಯ ಹಳೆಯ ಬಲ್ಬು ಬಿಸಿಯಾಗುತ್ತಿತ್ತು, ಅದರಿಂದ ಬೀರು ಒಣಗುತ್ತಿತ್ತು. ಎಲ್ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಅಂತಹ ಬಿಸಿ ಕೊಡದು. ಹಳೆಯ ಬಲ್ಬನ್ನೇ ಹುಡುಕಿ ಹಾಕಿದರೆ ಬಟ್ಟೆ ತಾಗಿ ಬೆಂಕಿ ಹತ್ತುವ ಭಯ. ಆದುದರಿಂದ ಎರಡೂ ಬೇಡ. ವಾರಕ್ಕೆರಡು ಸಲ ಬೀರುವಿನ ಬಾಗಿಲುಗಳನ್ನು ತೆರೆದಿಟ್ಟು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದರೆ ಸಾಕು.

ಆಹಾರ

ಒಣಕೊಬ್ಬರಿ, ಶೇಂಗಾ, ಮೆಣಸಿನಕಾಯಿ, ಜೋಳಗಳಿಗೆ ಹಿಡಿದ ಬೂಷ್ಟನ್ನು ಒರೆಸಿ ಬಳಸುವ ಮಿತವ್ಯಯ ಅಪಾಯಕಾರಿ. ಅವುಗಳ ಮೇಲೆ ಬೆಳೆಯುವ ಒಂದು ಜಾತಿಯ ಆಸ್ಪರ್ಜಿಲಸ್ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತದೆ. ಅದು ಯಕೃತ್ತಿಗೆ ಹಾನಿ ಮಾಡುವಂಥದ್ದು, ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗದು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದು ದಾಖಲಾಗಿದೆ. ಉಪ್ಪಿನಕಾಯಿಯ ಭರಣಿಯ ಮೇಲ್ಪದರವನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸುವ ವಾಡಿಕೆಯನ್ನೂ ಬಿಡುವುದು ಒಳ್ಳೆಯದು.

ಮಳೆಗೆ ಮುಂಚಿನ ಕೆಲಸ

ಬೂಷ್ಟಿನ ಕೆಲಸ ಮೇ ತಿಂಗಳಿನದು. ರೋಹಿಣಿ ಮಳೆಗೆ ಮೊದಲೇ ತಾರಸಿಯ ಮತ್ತು ಮಾಡಿನ ನೀರು ಹರಿಯುವ ದೋಣಿಯ ಕಸ ತೆಗೆದು, ಒಡೆದ ಹೆಂಚು ಬದಲಾಯಿಸಿ, ಪಶ್ಚಿಮದ ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ಗೋಡೆಯ ಬುಡದ ಮಣ್ಣನ್ನು ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಬೇಕು. ಎರಚಲು ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ; ಅದಕ್ಕಿಂತ ಅಗ್ಗವಾದ ಗೋಡೆಯ ರಕ್ಷಣೆ ನನಗೆ ತಿಳಿದಿಲ್ಲ. ಸೋಗೆ ಸಿಗದವರು ಕಿಟಕಿಯ ಮೇಲಿನ ಸಜ್ಜವನ್ನು ಎರಡಡಿಯಷ್ಟಾದರೂ ಮುಂದಕ್ಕೆ ಚಾಚಿಸಬೇಕು. ಕೊನೆಯ ಬಿಸಿಲಿನ ವಾರದಲ್ಲಿ ಹಾಸಿಗೆ, ಕಂಬಳಿ, ರೇಷ್ಮೆಯ ಹೊರತಾದ ಬಟ್ಟೆ ಎಲ್ಲವನ್ನೂ ಅಂಗಳಕ್ಕೆ ಹರವಿ, ಬೀರು ಮತ್ತು ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು, ಅವುಗಳ ಹಿಂದಿನ ಧೂಳನ್ನು ಒರೆಸಿಟ್ಟರೆ, ಆರಿದ್ರಾ ಹಿಡಿಯುವ ಹೊತ್ತಿಗೆ ಒಣಮನೆಯೊಳಗಿರುತ್ತೀರಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಟಾರ್ಚು ಹಿಡಿದು ಆ ನಾಲ್ಕು ಬೆರಳಿನ ಸಂದಿನೊಳಗೆ ನೋಡುತ್ತಿರಬೇಕು.